ಐಟ್ಯೂನ್ಸ್ ಬಿಟ್ಟು ಐಪಾಡ್ ಕ್ಲಾಸಿಕ್‌ಗೆ ಹಾಡು ತುಂಬೋದು ಹೇಗೆ?

ಹಳೆಸಾಮಾನು

ಎಲ್ಲರಿಗೂ ನಮಸ್ಕಾರ. ಭಾವ ತಮ್ಮ ಹಳೇ ಐಪಾಡ್ ಕ್ಲಾಸಿಕ್ (ಆಪಲ್ ಕಂಪನಿಯ ಹಾಡು ಕೇಳುವ ಸಾಧನ) ನನಗೆ ಕೊಟ್ಟಿದ್ದಾರೆ. 2009ರ ಮಾಡೆಲ್, 160 ಜಿಬಿ. ಹಿಂಬದಿಯ ಸ್ಟೀಲ್ ತುಂಬ ಗೀರುಗಳಿವೆ, ಅದು ಬಿಟ್ಟರೆ ಗಟ್ಟಿಮುಟ್ಟಾಗಿದೆ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಥರ ಕಾಣಿಸುತ್ತದೆ. ಒಂದು ಫೋಲ್ಡರ್ ಎಳೆದು ಹಾಕಿದೆ. ಕಾಪಿ ಆಯಿತು, ಜಾಗವೂ ತಿಂದಿತು. ಆದರೆ ಐಪಾಡ್ ತೆರೆದು ನೋಡಿದರೆ ಆ ಹಾಡುಗಳ ಸುಳಿವೇ ಇಲ್ಲ! ಭಾವ ಹಾಕಿದ್ದ ಹಾಡುಗಳು ಮಾತ್ರ ಇವೆ.

ಐಪಾಡ್‌ಗೆ ಹಾಡು ತುಂಬೋಕೆ ಆಪಲ್‌ನವರೇ ಕೊಡುವ ಐಟ್ಯೂನ್ಸ್ ಹಾಕುವ ಮನಸ್ಸಿಲ್ಲ. ಲ್ಯಾಪ್‌ಟಾಪ್ ಕೂಡ ಆಫೀಸಿನದು, ಏನು ಇನ್‌ಸ್ಟಾಲ್ ಮಾಡಲು ಹೋದರೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ನನ್ನ ಹತ್ತಿರ ಇರೋದು: ಸಿಡಿಯಿಂದ ಇಳಿಸಿದ ಕರ್ನಾಟಕ ಸಂಗೀತ ಕಛೇರಿಗಳು (ಎಲ್ಲವೂ ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದ ಫೈಲ್), ಸಿನಿಮಾ ಹಾಡು, ಭಾವಗೀತೆ, ದಾಸರ ಪದಗಳು (ಎಂಪಿ3). ಅರ್ಧದಷ್ಟು ಹಾಡುಗಳ ಹೆಸರು ಕನ್ನಡ ಲಿಪಿಯಲ್ಲೇ ಇದೆ. ಭಾವನ ಹಾಡುಗಳನ್ನೂ ಕಳೆದುಕೊಳ್ಳಬಾರದು, ಅವರು ಬೇರೆಲ್ಲೂ ಕಾಪಿ ಇಟ್ಟಿಲ್ಲವಂತೆ.

ಯಾವ ತಂತ್ರಾಂಶ ಒಳ್ಳೇದು? ಬಳಸಿದವರು ದಯವಿಟ್ಟು ಹೇಳಿ.

ತಂತಿಪೆಟ್ಟಿಗೆ

ತಂತ್ರಾಂಶದ ಹೆಸರು ಆಮೇಲೆ ಹೇಳೋಣ. ಮೊದಲು ನಿಮ್ಮ ಹಾಡು ಯಾಕೆ ಕಾಣಿಸಲಿಲ್ಲ ಅನ್ನೋದು ಗೊತ್ತಿರಲಿ, ಇಲ್ಲದಿದ್ದರೆ ಯಾವುದನ್ನು ಹಾಕಿದರೂ ಇದೇ ಗೋಳು.

ಐಪಾಡ್ ತನ್ನ ಡಿಸ್ಕ್ ಹುಡುಕಿ ಹಾಡು ತೋರಿಸೋಲ್ಲ. ಅದು ನೋಡೋದು ಒಂದೇ ಒಂದು ಫೈಲನ್ನು, ಐಟ್ಯೂನ್ಸ್‌ಡಿಬಿ ಅಂತ. ರೇಷನ್ ಕಾರ್ಡ್ ಇದ್ದ ಹಾಗೆ: ಮನೆಯಲ್ಲಿ ಎಷ್ಟೇ ಜನ ಇರಲಿ, ಕಾರ್ಡಿನಲ್ಲಿ ಹೆಸರಿಲ್ಲದವರಿಗೆ ಅಕ್ಕಿ ಇಲ್ಲ. ನೀವು ಎಳೆದು ಹಾಕಿದ ಹಾಡು ಡಿಸ್ಕಿನಲ್ಲಿದೆ, ಕಾರ್ಡಿನಲ್ಲಿಲ್ಲ.

ವಿಂಡೋಸ್‌ನಲ್ಲಿ ಅಡಗಿಸಿದ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಮಾಡಿ. ‘ಐಪಾಡ್_ಕಂಟ್ರೋಲ್’ ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗೆ ‘ಮ್ಯೂಸಿಕ್’, ಅದರೊಳಗೆ ಎಫ್00, ಎಫ್01 ಅಂತ ಸಾಲಾಗಿ ಫೋಲ್ಡರ್‌ಗಳು. ಭಾವನ ಹಾಡುಗಳೆಲ್ಲ ಅಲ್ಲೇ ಚೆದುರಿಕೊಂಡಿವೆ. ಹೆಸರುಗಳು ಮಾತ್ರ ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳು, ಯಾವುದು ಯಾವ ಹಾಡು ಅಂತ ಗೊತ್ತಾಗೋಲ್ಲ. ಹೆದರಬೇಡಿ, ಫೈಲಿನೊಳಗಿನ ಟ್ಯಾಗ್ (ಹಾಡು, ಗಾಯಕರ ಹೆಸರಿನಂಥ ವಿವರ) ಹಾಗೇ ಇರುತ್ತದೆ. ಇಡೀ ‘ಮ್ಯೂಸಿಕ್’ ಫೋಲ್ಡರ್ ಕಂಪ್ಯೂಟರ್‌ಗೆ ಕಾಪಿ ಮಾಡಿ, ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶದಲ್ಲಿ ತೆರೆಯಿರಿ. ಟ್ಯಾಗ್ ನೋಡಿ ಫೈಲಿನ ಹೆಸರು ಬದಲಿಸುವ ಆಯ್ಕೆ ಅದರಲ್ಲಿದೆ. ಸಾವಿರಾರು ಹಾಡಿದ್ದರೂ ಒಂದೇ ಸಲಕ್ಕೆ ಆಗುತ್ತದೆ.

ಬೇರೆ ಏನು ಮಾಡುವ ಮೊದಲು ಈ ಕೆಲಸ ಮುಗಿಸಿ. ಜೊತೆಗೆ ‘ಐಪಾಡ್_ಕಂಟ್ರೋಲ್’ ಇಡಿಯಾಗಿ ಒಂದು ಬ್ಯಾಕಪ್ ಇರಲಿ.

ಕಡಲೆಪುರಿ

ವಿಂಡೋಸ್ ಆದರೆ ಹಾಡು ನುಡಿಸುವ ತಂತ್ರಾಂಶ ಫೂಬಾರ್2000, ಜೊತೆಗೆ ಅದಕ್ಕೆ ಸೇರಿಸುವ ಐಪಾಡ್ ಮ್ಯಾನೇಜರ್ ಕಾಂಪೊನೆಂಟ್. ಹೆಸರು ಫೂ_ಡಾಪ್. ನನ್ನ ಮಟ್ಟಿಗೆ ಇನ್ನೊಂದು ಹೆಸರು ಹೇಳುವ ಅಗತ್ಯವೇ ಇಲ್ಲ.

ನಿಮಗೆ ಹೊಂದುವ ಕಾರಣಗಳು. ಫೂಬಾರ್ ಹಾಕುವಾಗ ‘ಪೋರ್ಟಬಲ್’ ಅಂತ ಆರಿಸಿದರೆ ಒಂದು ಫೋಲ್ಡರ್‌ನಲ್ಲಿ ಕೂತುಬಿಡುತ್ತದೆ, ಅಡ್ಮಿನ್ ಪಾಸ್‌ವರ್ಡ್ ಬೇಡ. ಕ್ಲಾಸಿಕ್ ಸಾಮಾನ್ಯ ಯುಎಸ್‌ಬಿ ಡಿಸ್ಕ್ ಆಗಿ ಕಾಣುವುದರಿಂದ ಆಪಲ್‌ನ ಡ್ರೈವರ್ ಕೂಡ ಬೇಡ. ಐಫೋನ್, ಐಪಾಡ್ ಟಚ್ ಆಗಿದ್ದರೆ ಕತೆ ಬೇರೆ. ನಾನು ಬಳಸೋದು ಫೂಬಾರ್‌ನ 32 ಬಿಟ್ ಆವೃತ್ತಿ, ನೀವೂ ಅದನ್ನೇ ತಗೊಳ್ಳಿ.

ಎರಡನೆಯದು ನಿಮ್ಮ ಫ್ಲ್ಯಾಕ್. ಆಪಲ್‌ನ ಫರ್ಮ್‌ವೇರ್ (ಐಪಾಡ್ ಒಳಗೇ ಓಡುವ ತಂತ್ರಾಂಶ) ಫ್ಲ್ಯಾಕ್ ನುಡಿಸೋಲ್ಲ. ಫೂ_ಡಾಪ್ ಕಳಿಸುವಾಗಲೇ ಬದಲಿಸಿ ಕಳಿಸುತ್ತದೆ, ನಿಮ್ಮ ಮೂಲ ಫೈಲ್ ಮುಟ್ಟೋಲ್ಲ. ಹಾಗೆ ಬದಲಿಸೋಕೆ ಫೂಬಾರ್‌ನ ಉಚಿತ ಎನ್‌ಕೋಡರ್ ಪ್ಯಾಕ್ ಬೇಕಾಗುತ್ತದೆ ಅಷ್ಟೆ. ಗುಣಮಟ್ಟ ಒಂದಿಷ್ಟೂ ಹೋಗಬಾರದು ಅಂದರೆ ಎಎಲ್‌ಎಸಿ ಆರಿಸಿ, ಆಪಲ್‌ನದ್ದೇ ಲಾಸ್‌ಲೆಸ್. 2011ರಲ್ಲಿ ಅವರೇ ಅದರ ಕೋಡ್ ಬಿಚ್ಚಿಟ್ಟ ಮೇಲೆ ಎಲ್ಲ ಕಡೆ ಸಿಗುತ್ತದೆ. ಜಾಗ ಉಳಿಯಬೇಕು ಅಂದರೆ 256 ಕೆಬಿಪಿಎಸ್ ಎಎಸಿ. ಮೂರು ಗಂಟೆಯ ಕಛೇರಿ ಲಾಸ್‌ಲೆಸ್‌ನಲ್ಲಿ ಹತ್ತಿರ ಹತ್ತಿರ 1 ಜಿಬಿ ತಿನ್ನುತ್ತದೆ, 256ರಲ್ಲಿ 350 ಎಂಬಿ ಒಳಗೆ ಮುಗಿಯುತ್ತದೆ. ನಿಮ್ಮದು 160 ಜಿಬಿ, ಧಾರಾಳವಾಗಿ ಎಎಲ್‌ಎಸಿ ಹಾಕಿ. 24 ಬಿಟ್ 96 ಕಿಲೋಹರ್ಟ್ಸ್ ಫೈಲ್ ಇದ್ದರೆ ಮಾತ್ರ 16 ಬಿಟ್ 44.1 ಕಿಲೋಹರ್ಟ್ಸ್‌ಗೆ ಇಳಿಸಬೇಕು, ಕ್ಲಾಸಿಕ್ ಅದನ್ನು ನುಡಿಸೋಲ್ಲ.

ಬಳಸೋದು ಹೀಗೆ: ಹಾಡುಗಳನ್ನು ಆರಿಸಿ, ರೈಟ್ ಕ್ಲಿಕ್, ಐಪಾಡ್‌ಗೆ ಕಳಿಸು. ಮುಗಿಯಿತು. ಡೇಟಾಬೇಸ್ (ಅದೇ ಐಟ್ಯೂನ್ಸ್‌ಡಿಬಿ) ಬರೆದಾಯಿತು ಅಂತ ಬಂದ ಮೇಲೆ ಇಜೆಕ್ಟ್ ಮಾಡಿಯೇ ತಂತಿ ಕೀಳಿ. ಬರೆಯುತ್ತಿರುವಾಗ ಕಿತ್ತರೆ ಐಪಾಡ್ ‘ಹಾಡುಗಳು 0’ ಅಂತ ತೋರಿಸುತ್ತದೆ, ಆಗ ಎದೆ ಧಸಕ್ ಅನ್ನುತ್ತದೆ. 😄 ಹಾಗಾದರೂ ಫೈಲ್ ಎಲ್ಲೂ ಹೋಗಿರೋಲ್ಲ, ಡೇಟಾಬೇಸ್ ಮತ್ತೆ ಬರೆಸಿದರೆ ಆಯಿತು.

ಸುಮ್ನಿರಪ್ಪ

ಇಷ್ಟೆಲ್ಲ ಯಾಕ್ರೀ? ಮನೆ ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ ಹಾಕಿ, ‘ಹಾಡುಗಳನ್ನು ಕೈಯಾರೆ ನಿರ್ವಹಿಸು’ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಎಳೆದು ಬಿಡಿ. ವಿಂಡೋಸ್‌ಗೆ ಈಗಲೂ ಐಟ್ಯೂನ್ಸ್ ಸಿಗುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಐಟ್ಯೂನ್ಸ್ ಇಲ್ಲ, ಹಾಡಿಗೆ ಮ್ಯೂಸಿಕ್ ಆ್ಯಪ್, ಸಿಂಕ್‌ಗೆ ಫೈಂಡರ್. ಅಷ್ಟೇ ವ್ಯತ್ಯಾಸ. ಯಾವುದೋ ಕಾಂಪೊನೆಂಟ್, ಎನ್‌ಕೋಡರ್ ಪ್ಯಾಕ್ ಅಂತ ಯಾಕೆ ತಲೆ ಕೆಡಿಸಿಕೊಳ್ಳೋದು? ಮಾಡಿದವರ ಸಾಮಾನು ಮಾಡಿದವರ ತಂತ್ರಾಂಶದಲ್ಲೇ ಸರಿ ಕೆಲಸ ಮಾಡೋದು.

ತಂತಿಪೆಟ್ಟಿಗೆ

@ಸುಮ್ನಿರಪ್ಪ ಹೊಸದಾಗಿ ಶುರು ಮಾಡುವವರಿಗೆ ನೀವು ಹೇಳಿದ್ದು ತಪ್ಪಲ್ಲ. ಆದರೆ ಇವರ ಐಪಾಡ್ ಇನ್ನೊಬ್ಬರ ಲೈಬ್ರರಿ ಜೊತೆ ಜೋಡಿಯಾಗಿರೋದು. ಆಟೊ ಸಿಂಕ್‌ನಲ್ಲಿ ಒಂದು ಐಪಾಡ್‌ಗೆ ಒಂದೇ ಲೈಬ್ರರಿ. ಹೊಸ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ‘ಅಳಿಸಿ ಸಿಂಕ್ ಮಾಡಲೇ?’ ಅಂತ ಕೇಳುತ್ತದೆ. ಅವಸರದಲ್ಲಿ ಹೌದು ಒತ್ತಿದರೆ ಭಾವನ ಹಾಡುಗಳು ಹೋದವು. ಐಪಾಡ್‌ನಿಂದ ಕಂಪ್ಯೂಟರ್‌ಗೆ ಹಾಡು ವಾಪಸ್ ತರುವುದಕ್ಕೂ ಅದು ಬಿಡೋಲ್ಲ, ಅದರ ಅಂಗಡಿಯಲ್ಲೇ ಕೊಂಡ ಹಾಡುಗಳನ್ನು ಬಿಟ್ಟು. ಸೆನೂಟಿ, ಶೇರ್‌ಪಾಡ್, ಯಾಮಿಪಾಡ್ ಇವೆಲ್ಲ ಒಂದು ಕಾಲದಲ್ಲಿ ಓಡಿದ್ದೇ ಹಾಡು ವಾಪಸ್ ತೆಗೆಯುವ ಈ ಒಂದು ಕೆಲಸಕ್ಕೆ.

ಇನ್ನೊಂದು ಮಾತು, ಇದು ಎಲ್ಲರಿಗೂ. ಯಾವುದನ್ನಾದರೂ ಬಳಸಿ, ಆದರೆ ಒಂದನ್ನೇ ಬಳಸಿ. ಇವತ್ತು ಐಟ್ಯೂನ್ಸ್, ನಾಳೆ ಫೂಬಾರ್, ಭಾನುವಾರ ಲಿನಕ್ಸ್ ಅಂತ ಮಾಡಿದರೆ ಒಬ್ಬೊಬ್ಬರೂ ಆ ಡೇಟಾಬೇಸನ್ನು ತಮ್ಮ ರೀತಿಯಲ್ಲಿ ತಿದ್ದಿ ಬರೆಯುತ್ತಾರೆ. ಕವರ್ ಚಿತ್ರ ಅದಲು ಬದಲಾಗುತ್ತದೆ, ಪ್ಲೇಲಿಸ್ಟ್ ಎರಡೆರಡು ಬರುತ್ತದೆ, ಪಟ್ಟಿಯಲ್ಲಿಲ್ಲದ ಫೈಲುಗಳು ಸುಮ್ನೆ ಜಾಗ ತಿನ್ನುತ್ತಾ ಕೂರುತ್ತವೆ. ‘ಯಾವ ತಂತ್ರಾಂಶ ಒಳ್ಳೇದು’ ಅನ್ನೋದಕ್ಕಿಂತ ‘ಯಾವುದನ್ನು ಕೊನೆವರೆಗೂ ಬಿಡದೆ ಬಳಸ್ತೀರಿ’ ಅನ್ನೋದು ಮುಖ್ಯ.

ಪೆಂಗ್ವಿನ್‌ಪ್ರಿಯ

ಭಾನುವಾರದ ಲಿನಕ್ಸ್ ಅಂದದ್ದು ನನಗೇ ಅಂತ ಗೊತ್ತು. 😄 ನಾವು ವಾರವಿಡೀ ಅದರಲ್ಲೇ ಇರೋದು.

ಲಿನಕ್ಸ್‌ನಲ್ಲಿ ಐಪಾಡ್ ಜೊತೆ ಮಾತಾಡುವ ಬಹುತೇಕ ತಂತ್ರಾಂಶಗಳ ಬೆನ್ನಿಗೆ ಇರೋದು ಒಂದೇ ಕೋಡ್ ಲೈಬ್ರರಿ: ಲಿಬ್‌ಜಿಪಾಡ್. ಜಿಟಿಕೆಪಾಡ್ ಯೋಜನೆಯಿಂದ ಹುಟ್ಟಿದ್ದು. ರಿದಮ್‌ಬಾಕ್ಸ್, ಅಮರಾಕ್, ಕ್ಲೆಮೆಂಟೈನ್, ಈಗಿನ ಸ್ಟ್ರಾಬೆರಿ ಎಲ್ಲ ಇದನ್ನೇ ನೆಚ್ಚಿಕೊಂಡಿರೋದು. ಅದರ ಕೊನೆಯ ಬಿಡುಗಡೆ 2013ರದ್ದು, ಆದರೂ ಓಡುತ್ತದೆ. ಕ್ಲಾಸಿಕ್ ಕೂಡ ಆಮೇಲೆ ಬದಲಾಗಿಲ್ಲ ಅಲ್ವಾ, 2014ರಲ್ಲಿ ಆಪಲ್ ನಿಲ್ಲಿಸಿಯೇ ಬಿಟ್ಟಿತು.

ತಂತಿಪೆಟ್ಟಿಗೆ ಅವರು ರೇಷನ್ ಕಾರ್ಡ್ ಅಂದರು. 2007ರಲ್ಲಿ ಆಪಲ್ ಆ ಕಾರ್ಡಿಗೆ ಸೀಲೊಂದನ್ನು ಒತ್ತಲು ಶುರು ಮಾಡಿತು. ಮೊದಲ ಕ್ಲಾಸಿಕ್ ಮತ್ತು ಮೂರನೇ ತಲೆಮಾರಿನ ಐಪಾಡ್ ನ್ಯಾನೊ ಬಂದಾಗ ಡೇಟಾಬೇಸ್ ಒಳಗೆ ಒಂದು ಹ್ಯಾಶ್ ಸೇರಿಸಿದರು. ಆಯಾ ಐಪಾಡ್‌ನ ಗುರುತಿನ ಸಂಖ್ಯೆಯಿಂದ ಲೆಕ್ಕ ಹಾಕಿದ ಸೀಲು ಅದು. ಸೀಲು ತಾಳೆಯಾಗದಿದ್ದರೆ ಐಪಾಡ್ ಒಂದು ಹಾಡನ್ನೂ ತೋರಿಸೋಲ್ಲ. ಬೇರೆ ತಂತ್ರಾಂಶಗಳೆಲ್ಲ ಒಂದೇ ಏಟಿಗೆ ಮಲಗಿದವು. ಕೆಲವೇ ದಿನಗಳಲ್ಲಿ ಜನ ಅದನ್ನು ಬಿಡಿಸಿದರು. ಮುಂದಿನ ಮಾದರಿಗಳಲ್ಲಿ ಹ್ಯಾಶ್ ಇನ್ನೂ ಬಿಗಿಯಾಯಿತು. 2008ರ ಕೊನೆಗೆ ಬ್ಲೂವಿಕಿ ಅನ್ನುವ ತಾಣದಲ್ಲಿ ಇದನ್ನು ಬಿಡಿಸುವ ಬಗ್ಗೆ ಚರ್ಚೆ ನಡೆಯುತ್ತಿತ್ತು. ಆಪಲ್ ವಕೀಲರು ಪುಟ ತೆಗೆಯಿರಿ ಅಂತ ಪತ್ರ ಕಳಿಸಿದರು. ಗಮನಿಸಿ, ಅಲ್ಲಿದ್ದದ್ದು ಬರೀ ಚರ್ಚೆ. ಅಮೆರಿಕದಲ್ಲಿ ಡಿಜಿಟಲ್ ಹಕ್ಕುಗಳಿಗೆ ಹೋರಾಡುವ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ತಾಣದ ಪರ ನಿಂತು 2009ರ ಏಪ್ರಿಲ್‌ನಲ್ಲಿ ಕೋರ್ಟಿಗೆ ಹೋಯಿತು. ಜುಲೈ ಹೊತ್ತಿಗೆ ಆಪಲ್ ಪತ್ರ ವಾಪಸ್ ತಗೊಂಡಿತು.

ಅದಕ್ಕೂ ಹಿಂದೆ 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್‌ನವರು ಹಾರ್ಮನಿ ಅಂತ ಮಾಡಿ, ತಮ್ಮ ಅಂಗಡಿಯ ಹಾಡು ಐಪಾಡ್‌ನಲ್ಲಿ ಓಡುವ ಹಾಗೆ ಮಾಡಿದ್ದರು. ಫರ್ಮ್‌ವೇರ್ ಅಪ್‌ಡೇಟ್ ಬಂದು ಅದು ಬಂದ್. ಆ ಕಾಲದ ಅಪ್‌ಡೇಟ್‌ಗಳ ಮೇಲಿನ ಕೇಸು ಹತ್ತು ವರ್ಷ ಎಳೆದು 2014ರ ಡಿಸೆಂಬರ್‌ನಲ್ಲಿ ಆಪಲ್ ಪರವಾಗಿ ತೀರ್ಪಾಯಿತು. ‘ಮಾಡಿದವರ ತಂತ್ರಾಂಶವೇ ಸರಿ ಕೆಲಸ ಮಾಡುತ್ತದೆ’ ಅಂದರಲ್ಲ @ಸುಮ್ನಿರಪ್ಪ, ಅದು ತಾನಾಗಿ ಹಾಗಾದದ್ದಲ್ಲ ಸ್ವಾಮಿ, ಹಾಗೆ ಆಗುವಂತೆ ನೋಡಿಕೊಂಡದ್ದು.

ಕೆಲಸದ ಮಾತು. ಲಿನಕ್ಸ್‌ನಲ್ಲಿ ಹಾಡು ಹಾಕಿದ ಮೇಲೂ ಐಪಾಡ್ ಖಾಲಿ ತೋರಿಸಿದರೆ ‘ಐಪಾಡ್_ಕಂಟ್ರೋಲ್’ ಒಳಗಿನ ‘ಡಿವೈಸ್’ ಫೋಲ್ಡರ್ ನೋಡಿ. ಸಿಸ್‌ಇನ್ಫೊ ಫೈಲಿನಲ್ಲಿ ಗುರುತಿನ ಸಂಖ್ಯೆ ಇರಬೇಕು, ಅದಿಲ್ಲದೆ ಸೀಲು ಲೆಕ್ಕ ಹಾಕೋಕೆ ಆಗೋಲ್ಲ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ಆದರೆ ಲಿನಕ್ಸ್ ಅದನ್ನು ಬರೀ ಓದಲು ಮಾತ್ರ ಬಿಡುತ್ತದೆ. ನಿಮ್ಮದು ವಿಂಡೋಸ್‌ನಲ್ಲಿ ಕಾಣಿಸಿದೆ ಅಂದರೆ ವಿಂಡೋಸ್‌ನ ಫ್ಯಾಟ್32 ಫಾರ್ಮ್ಯಾಟ್ ಅಂತಲೇ, ಆ ತಲೆನೋವಿಲ್ಲ.

ಸುಮ್ನಿರಪ್ಪ

ಸ್ವಾಮಿ ಅಂದದ್ದಕ್ಕೆ ಧನ್ಯವಾದ. ಇತಿಹಾಸ ಚೆನ್ನಾಗಿತ್ತು. ಆದರೂ ನನ್ನ ಐಟ್ಯೂನ್ಸ್ ನಾನು ಬಿಡೋಲ್ಲ. ಯಾವ ಹಾಡು ಎಷ್ಟು ಸಲ ಕೇಳಿದೆ ಅನ್ನುವ ಲೆಕ್ಕ, ಸ್ಟಾರ್, ಅದರ ಮೇಲೆ ಕಟ್ಟಿದ ಸ್ಮಾರ್ಟ್ ಪ್ಲೇಲಿಸ್ಟ್ ಎಲ್ಲ ಅದರಲ್ಲೇ ಇದೆ.

ಕಡಲೆಪುರಿ

ಆ ಲೆಕ್ಕ ಐಪಾಡ್‌ನಲ್ಲೇ ಬೇರೆ ಒಂದು ಸಣ್ಣ ಫೈಲಿನಲ್ಲಿ ಇರುತ್ತದೆ ಅಣ್ಣ. ಫೂ_ಡಾಪ್ ಕೂಡ ಅದನ್ನು ಓದುತ್ತದೆ. ಸ್ಮಾರ್ಟ್ ಪ್ಲೇಲಿಸ್ಟ್ ಇಷ್ಟ ಇರುವವರು ಮೀಡಿಯಾಮಂಕಿ ನೋಡಬಹುದು, ಐಟ್ಯೂನ್ಸ್‌ನಿಂದ ಬರುವವರಿಗೆ ಅದರ ಮುಖ ಪರಿಚಯದ್ದು ಅನ್ನಿಸುತ್ತದೆ. ನನಗೆ ಸ್ವಲ್ಪ ಭಾರ ಅನ್ನಿಸಿ ಬಿಟ್ಟೆ.

ರಾಗಮಾಲಿಕೆ

ಎಲ್ಲರೂ ತಂತ್ರಾಂಶದ ಬಗ್ಗೆ ಬರೆದಿದ್ದಾರೆ. ಅವರು ಕೇಳಿದ ಕನ್ನಡ ಲಿಪಿಯ ವಿಷಯ ಯಾರೂ ಮುಟ್ಟಲಿಲ್ಲ. ನಮ್ಮವರಿಗೆ ಅಸಲಿ ಕೆಲಸ ಇರೋದು ಅಲ್ಲೇ.

ಕ್ಲಾಸಿಕ್‌ನ ಆಪಲ್ ಫರ್ಮ್‌ವೇರ್‌ಗೆ ಕನ್ನಡ ಬರೋಲ್ಲ. ಯಾವ ತಂತ್ರಾಂಶದಿಂದ ಹಾಕಿದರೂ ಪರದೆ ಮೇಲೆ ಕನ್ನಡದ ಹೆಸರು ಓದುವ ಹಾಗೆ ಬರೋಲ್ಲ. ಹಾಡು ಚೆನ್ನಾಗಿಯೇ ಓಡುತ್ತದೆ, ಆದರೆ ಹುಡುಕೋದು ಹೇಗೆ? ಹಾಗಾಗಿ ಐಪಾಡ್‌ಗೆ ಹೋಗುವ ಕಾಪಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರಲೇಬೇಕು. ನಾನು ಮಾಡೋದು: ಎಂಪಿ3ಟ್ಯಾಗ್‌ನಲ್ಲಿ ಒಂದು ಆಕ್ಷನ್ ಬರೆದುಕೊಂಡು, ಮೊದಲು ಟೈಟಲ್‌ನಲ್ಲಿರುವ ಕನ್ನಡವನ್ನು ಕಾಮೆಂಟ್ ಜಾಗಕ್ಕೆ ಕಾಪಿ ಮಾಡಿಸುತ್ತೇನೆ. ಆಮೇಲೆ ಟೈಟಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇನೆ. ಕನ್ನಡದ ಹೆಸರು ಫೈಲಿನಲ್ಲೇ ಭದ್ರ, ಮುಂದೆ ಎಂದಾದರೂ ವಾಪಸ್ ತರಬಹುದು. ಬರೆಯುವಾಗ ಒಂದು ಕ್ರಮ ಇಟ್ಟುಕೊಳ್ಳಿ. ದೀರ್ಘಕ್ಕೆ ಎರಡಕ್ಷರ ಹಾಕ್ತೀರೋ ಒಂದೋ, ‘ಶ’ ಹೇಗೆ, ‘ತ’ ಹೇಗೆ, ಮೊದಲೇ ನಿರ್ಧರಿಸಿ. ಇಲ್ಲದಿದ್ದರೆ ಪುರಂದರದಾಸರು ಪಟ್ಟಿಯಲ್ಲಿ ನಾಲ್ಕು ಬೇರೆ ಬೇರೆ ಜನ ಆಗಿ ಕೂರುತ್ತಾರೆ.

ದಾಸರು ಅಂದೆ, ಅದಕ್ಕೇ ಬರೋಣ. ದಾಸರ ಪದ, ವಚನ, ಕೃತಿಗಳಿಗೆ ‘ಕಂಪೋಸರ್’ ಜಾಗ ತುಂಬಿಸಿ. ಐಪಾಡ್‌ನ ಮೆನುವಿನಲ್ಲಿ ಕಂಪೋಸರ್ ಪಟ್ಟಿ ಬೇರೆಯೇ ಇದೆ. ತ್ಯಾಗರಾಜರು ಅಂತ ಒತ್ತಿದರೆ ಯಾವ ವಿದ್ವಾಂಸರು ಹಾಡಿದ್ದೇ ಆಗಲಿ ಅಷ್ಟೂ ಕೃತಿ ಒಂದೇ ಕಡೆ. ಈಗಿನ ಎಷ್ಟೋ ಫೋನ್ ಆ್ಯಪ್‌ಗಳಲ್ಲಿ ಈ ಸುಖ ಇಲ್ಲ. ರಾಗದ ಹೆಸರನ್ನು ನಾನು ಟೈಟಲ್ ಕೊನೆಗೆ ಸೇರಿಸುತ್ತೇನೆ. ಕೆಲವರು ‘ಜಾನ್ರ’ದಲ್ಲಿ ರಾಗ ಹಾಕುತ್ತಾರೆ. ಅದೂ ಚೆನ್ನಾಗಿದೆ, ತೋಡಿ ಅಂತ ಒತ್ತಿ ಸಂಜೆಯೆಲ್ಲ ತೋಡಿ ಕೇಳಬಹುದು.

ಸಿನಿಮಾ ಹಾಡಿಗೆ ಬೇರೆ ಸಮಸ್ಯೆ. ಒಂದೇ ಚಿತ್ರದಲ್ಲಿ ಐದು ಹಾಡು, ಐದು ಥರ ಗಾಯಕರ ಜೋಡಿ. ಹಳೇ ಐಪಾಡ್‌ಗಳು ಆರ್ಟಿಸ್ಟ್ ಪಟ್ಟಿ ಕಟ್ಟುವುದು ಹಾಡಿನ ಆರ್ಟಿಸ್ಟ್ ನೋಡಿ. ಆಲ್ಬಮ್ ಆರ್ಟಿಸ್ಟ್ ತುಂಬಿದ್ದರೂ ಅಲ್ಲಿ ಉಪಯೋಗವಿಲ್ಲ. ಪಟ್ಟಿ ಮೈಲುದ್ದ ಆಗುತ್ತದೆ. ಆ ಹಾಡುಗಳನ್ನು ಟ್ಯಾಗ್‌ನಲ್ಲಿ ‘ಕಂಪೈಲೇಶನ್’ ಅಂತ ಗುರುತು ಮಾಡಿ, ಐಪಾಡ್ ಸೆಟ್ಟಿಂಗ್ಸ್‌ನಲ್ಲಿ ಕಂಪೈಲೇಶನ್ಸ್ ಆನ್ ಮಾಡಿ. ಅವೆಲ್ಲ ಒಂದು ಗೂಡಿಗೆ ಸೇರಿಕೊಳ್ಳುತ್ತವೆ.

ಇನ್ನೊಂದು ವಿಷಯ, ಟ್ಯಾಗ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹಿಂದೆ ಯಾರೋ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿರಬಹುದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಹೆಸರು ಎದ್ದು ಬರುತ್ತದೆ.

ಮಲ್ನಾಡ್‌ಮಳೆ

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಡೇಟಾಬೇಸ್, ಸೀಲು, ಫ್ಲ್ಯಾಕ್ ಪರಿವರ್ತನೆ ಈ ಎಲ್ಲ ರಗಳೆಯ ಬೇರನ್ನೇ ಕೀಳುವ ದಾರಿ ಇದೆ: ರಾಕ್‌ಬಾಕ್ಸ್. ಇಷ್ಟು ಹೊತ್ತಾದರೂ ಯಾರೂ ಹೆಸರೆತ್ತಲಿಲ್ಲ ಅಂತ ಆಶ್ಚರ್ಯ!

ಇದು ಕಂಪ್ಯೂಟರ್‌ನಲ್ಲಿ ಹಾಕುವ ತಂತ್ರಾಂಶ ಅಲ್ಲ, ಐಪಾಡ್‌ಗೇ ಬೇರೆ ಫರ್ಮ್‌ವೇರ್. 2001ರ ಕೊನೆಯಲ್ಲಿ ಆರ್ಕೋಸ್ ಪ್ಲೇಯರ್‌ಗೆ ಅಂತ ಶುರುವಾದದ್ದು. ಈಗಲೂ ಜೀವಂತವಾಗಿದೆ, 4.0 ಆವೃತ್ತಿ 2025ರಲ್ಲಿ ಬಂತು. ಹಾಕಿದ ಮೇಲೆ ಐಪಾಡ್ ನಿಜವಾಗಿಯೂ ಪೆನ್‌ಡ್ರೈವ್ ಥರ. ಫೋಲ್ಡರ್ ಎಳೆದು ಹಾಕಿ, ಫೋಲ್ಡರ್ ತೆರೆದು ನುಡಿಸಿ. ಫ್ಲ್ಯಾಕ್, ಆಗ್, ಓಪಸ್ ಥರದ ಫೈಲುಗಳೆಲ್ಲ ನೇರ ಓಡುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಾದರೂ ನಡೆಯುತ್ತದೆ. ಆಪಲ್‌ನ ಫರ್ಮ್‌ವೇರ್ ಹೋಗೋಲ್ಲ, ಎರಡೂ ಜೊತೆಗೇ ಇರುತ್ತವೆ, ಆನ್ ಆಗುವಾಗ ಬೇಕಾದ್ದು ಆರಿಸಬಹುದು.

ಹಾಕುವುದಕ್ಕೆ ರಾಕ್‌ಬಾಕ್ಸ್ ಯುಟಿಲಿಟಿ ಅಂತ ಇದೆ, ಅದೇ ಕೈ ಹಿಡಿದು ನಡೆಸುತ್ತದೆ. ಕ್ಲಾಸಿಕ್‌ಗೆ ಒಂದೇ ಒಂದು ತಿರುವು: ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ಸೇಬಿನ ಗುರುತು ಬಂತು ಅಂತ ಕೈ ಬಿಡಬೇಡಿ. ಪರದೆ ಪೂರ್ತಿ ಕಪ್ಪಾಗುವವರೆಗೆ ಹಿಡಿದಿರಿ, ಸುಮಾರು 12 ಸೆಕೆಂಡ್. ಅದೇ ಡಿಎಫ್‌ಯು, ಅಂದರೆ ಫರ್ಮ್‌ವೇರ್ ಹಾಕಿಸಿಕೊಳ್ಳಲು ಸಿದ್ಧವಾದ ಸ್ಥಿತಿ. ಇದಕ್ಕೆ ಮಾತ್ರ ಆಫೀಸ್ ಲ್ಯಾಪ್‌ಟಾಪ್ ಬೇಡ, ಡ್ರೈವರ್ ಕೇಳಬಹುದು.

ಐಪಾಡ್‌ನಲ್ಲಿ ಈಗಿರುವ ಭಾವನ ಹಾಡುಗಳನ್ನೂ ಇದು ನುಡಿಸುತ್ತದೆ. ಡೇಟಾಬೇಸ್ ಆಯ್ಕೆಗೆ ಹೋಗಿ ‘ಇನಿಶಿಯಲೈಸ್’ ಕೊಟ್ಟರೆ ಆ ನಾಲ್ಕಕ್ಷರದ ಫೈಲುಗಳ ಟ್ಯಾಗ್ ಓದಿ ತನ್ನದೇ ಪಟ್ಟಿ ಕಟ್ಟಿಕೊಳ್ಳುತ್ತದೆ. ಹಳೇ ಹಾರ್ಡ್‌ಡಿಸ್ಕ್ ಆದ್ದರಿಂದ ಟೈಮ್ ಹಿಡಿಯುತ್ತದೆ, ಹೋಗಿ ಕಾಫಿ ಕುಡಿದು ಬನ್ನಿ.

ಕಡಲೆಪುರಿ

ರಾಕ್‌ಬಾಕ್ಸ್ ಭಕ್ತರು ಬರೋದು ಯಾಕೆ ತಡ ಆಯಿತು ಅಂದುಕೊಂಡಿದ್ದೆ. 😄

ಎರಡು ಮಾತು ಬಿಟ್ಟಿರಿ. ಒಂದು, ಅದರಲ್ಲೂ ಕನ್ನಡ ಸರಿ ಬರೋಲ್ಲ. ಕನ್ನಡ ಅಕ್ಷರ ಇರುವ ಫಾಂಟ್ ಹಾಕಿದರೂ ಅಕ್ಷರ ಕೂಡಿಸುವ ವ್ಯವಸ್ಥೆ ಅದರೊಳಗಿಲ್ಲ. ಒತ್ತಕ್ಷರ ಕೆಳಗೆ ಕೂರೋಲ್ಲ, ‘ಕೃಷ್ಣ’ದ ‘ಷ್ಣ’ ಬಿಡಿಬಿಡಿಯಾಗಿ ಸಾಲಿನಲ್ಲೇ ಬರುತ್ತದೆ. ಊಹಿಸಿ ಓದಬಹುದು, ಅಷ್ಟೆ.

ಎರಡು, ಮುಖ. ಮೊದಲ ಸಲ ತೆರೆದಾಗ ಸೆಟ್ಟಿಂಗ್ಸ್ ಒಳಗೆ ಸೆಟ್ಟಿಂಗ್ಸ್, ಅದರೊಳಗೆ ಮತ್ತೊಂದು. ಚಕ್ರ ತಿರುಗಿಸಿ ಹಾಡು ಹುಡುಕುವ ಆ ಹಳೇ ನಯ ಆಪಲ್ ಫರ್ಮ್‌ವೇರ್‌ನಲ್ಲೇ ಇರೋದು. ಐಪಾಡ್ ಇಟ್ಟುಕೊಳ್ಳೋದೇ ಆ ಸುಖಕ್ಕೆ ಅಲ್ವಾ?

ಮಲ್ನಾಡ್‌ಮಳೆ

ಥೀಮ್ ಹಾಕ್ಕೊಳ್ಳಿ ಗುರೂ. ಅದ್ವೈತಪಾಡ್ ಅಂತ ಒಂದಿದೆ, ಹಾಕಿದರೆ ಗುರುತೇ ಸಿಗೋಲ್ಲ. ಕನ್ನಡದ ವಿಷಯ ಒಪ್ಪಿದೆ. ಅಷ್ಟಾದರೂ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಸಾಕು, ಟ್ಯಾಗ್ ಮುಟ್ಟದೆಯೇ ಹುಡುಕಬಹುದು. ಮೇಡಂ ಹೇಳಿದ ಅಷ್ಟೂ ಟ್ಯಾಗ್ ಕೆಲಸ ನನಗೆ ಉಳಿದದ್ದು ಹೀಗೆ.

ರಾಗಮಾಲಿಕೆ

ಫೋಲ್ಡರ್‌ನಲ್ಲಿ ಹುಡುಕುವವರಿಗೆ ತೋಡಿ ಎಲ್ಲ ಒಟ್ಟಿಗೆ ಸಿಗೋದು ಹೇಗಪ್ಪ? ಟ್ಯಾಗ್ ಕೆಲಸ ತಪ್ಪಿಸಿಕೊಂಡರೆ ಅದರ ಫಲವೂ ಇಲ್ಲ.

ಒಂದು ಪ್ರಶ್ನೆ ನಿಮಗೇ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್ ಆಗಿ ಕತ್ತರಿಸಿದ ಸಿಡಿಗಳಿವೆ. ನಡುವೆ ತಂಬೂರಿ ಟಕ್ ಅಂತ ನಿಂತು ಮತ್ತೆ ಶುರುವಾದರೆ ಜೀವ ಹೋಗುತ್ತದೆ. ರಾಕ್‌ಬಾಕ್ಸ್‌ನಲ್ಲಿ ಹೇಗೆ?

ಮಲ್ನಾಡ್‌ಮಳೆ

ಫ್ಲ್ಯಾಕ್ ಆದರೆ ಒಂದು ಚೂರೂ ನಿಲ್ಲೋಲ್ಲ. ಎಂಪಿ3 ಆದರೆ ಲೇಮ್ ಎನ್‌ಕೋಡರ್‌ನಲ್ಲಿ ಮಾಡಿದ್ದಾಗಿದ್ದರೆ ಸರಿಯಾಗಿ ಬರುತ್ತದೆ.

ಕಡಲೆಪುರಿ

ಆಪಲ್ ಫರ್ಮ್‌ವೇರ್‌ನಲ್ಲೂ ಕ್ಲಾಸಿಕ್ ಗ್ಯಾಪ್‌ಲೆಸ್ (ನಡುವೆ ನಿಲ್ಲದೆ) ನುಡಿಸುತ್ತದೆ. ಷರತ್ತು ಏನು ಅಂದರೆ ಎಷ್ಟು ಖಾಲಿ ಜಾಗ ಬಿಡಬೇಕು ಅನ್ನುವ ಲೆಕ್ಕ ಡೇಟಾಬೇಸ್‌ನಲ್ಲಿ ಬರೆದಿರಬೇಕು. ಫೂ_ಡಾಪ್ ಬರೆಯುತ್ತದೆ. ಕೆಲವು ಹಳೇ ತಂತ್ರಾಂಶಗಳು ಬರೆಯೋಲ್ಲ, ಅಲ್ಲೇ ತಂಬೂರಿ ನಿಲ್ಲೋದು.

ತಂತಿಪೆಟ್ಟಿಗೆ

@ಹಳೆಸಾಮಾನು ಇದೆಲ್ಲಕ್ಕೂ ಮೊದಲು ಆ ಹಾರ್ಡ್‌ಡಿಸ್ಕ್ ಎಷ್ಟು ಗಟ್ಟಿ ಇದೆ ನೋಡಿ. ಅಷ್ಟು ವರ್ಷದ ತಿರುಗುವ ಡಿಸ್ಕ್. ಮೆನು ಮತ್ತು ನಡುವಿನ ಬಟನ್ ಒತ್ತಿ ರೀಸೆಟ್ ಮಾಡಿ, ಸೇಬು ಕಂಡ ಕೂಡಲೇ ನಡುವಿನ ಬಟನ್ ಜೊತೆ ಹಿಂದಿನ ಹಾಡಿನ ಬಟನ್ ಒತ್ತಿ ಹಿಡಿಯಿರಿ. ಪರೀಕ್ಷಾ ಮೆನು ಬರುತ್ತದೆ. ಮ್ಯಾನುಯಲ್ ಟೆಸ್ಟ್, ಐಒ, ಹಾರ್ಡ್‌ಡ್ರೈವ್, ಅಲ್ಲಿಂದ ಸ್ಮಾರ್ಟ್ ಡೇಟಾ (ಡಿಸ್ಕಿನ ಆರೋಗ್ಯದ ಲೆಕ್ಕ). ‘ರೀಅಲಾಕ್ಸ್’ (ಕೆಟ್ಟು ಬದಲಿ ಕೊಟ್ಟ ಜಾಗ) ಮತ್ತು ‘ಪೆಂಡಿಂಗ್ ಸೆಕ್ಟರ್ಸ್’ (ಕೆಟ್ಟಿರುವ ಅನುಮಾನ ಇರುವ ಜಾಗ) ಎದುರು ಏನಿದೆ ನೋಡಿ ಹೇಳಿ. ಎರಡೂ ಸೊನ್ನೆಯಾದರೆ ಖುಷಿ. ನೂರಾರು ತೋರಿಸಿದರೆ ಇನ್ನು ಅದರ ಮೇಲೆ ಏನನ್ನೂ ಬರೆಯಬೇಡಿ, ಮೊದಲು ಭಾವನ ಹಾಡು ಹೊರಗೆ ತೆಗೆಯಿರಿ.

ಹಳೆಸಾಮಾನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನ ಹಾಡುಗಳು ಹೊರಗೆ ಬಂದವು, ಹೆಸರುಗಳೂ ಬಂದವು. ಪೆಂಡಿಂಗ್ ಸೊನ್ನೆ, ರೀಅಲಾಕ್ಸ್ 16. ಇದು ಪರವಾಗಿಲ್ವಾ?

ಫೂಬಾರ್ ಪೋರ್ಟಬಲ್ ಹಾಕಿದೆ, ಪಾಸ್‌ವರ್ಡ್ ಕೇಳಲಿಲ್ಲ. ಒಂದು ಕಛೇರಿ ಎಎಲ್‌ಎಸಿ ಮಾಡಿ ಕಳಿಸಿದೆ, ಚೆನ್ನಾಗಿ ಓಡುತ್ತಿದೆ, ತಂಬೂರಿ ಎಲ್ಲೂ ನಿಲ್ಲಲಿಲ್ಲ. ಕಂಪೋಸರ್ ಮೆನುಗೆ ಮನಸೋತೆ ಮೇಡಂ. ರಾಕ್‌ಬಾಕ್ಸ್ ಸದ್ಯಕ್ಕೆ ಬೇಡ ಅನ್ನಿಸಿತು, ಫ್ಲ್ಯಾಕ್ ಕೆಲಸ ಅದಿಲ್ಲದೆಯೇ ಆಯಿತಲ್ಲ.

ಎಸ್‌ಡಿ ಕಾರ್ಡ್ ಹಾಕಿಸುವುದರ ಬಗ್ಗೆ ಎಲ್ಲೋ ಓದಿದೆ. ಅದು ಹೇಗೆ?

ಮಲ್ನಾಡ್‌ಮಳೆ

16 ಅಷ್ಟು ಭಯ ಇಲ್ಲ. ತಿಂಗಳಿಗೊಮ್ಮೆ ನೋಡುತ್ತಿರಿ, ಏರುತ್ತಾ ಹೋದರೆ ಡಿಸ್ಕ್ ಬದಲಿಸುವ ಕಾಲ ಬಂತು ಅಂತ.

ಎಸ್‌ಡಿ ಕಾರ್ಡಿಗೆ ಐಫ್ಲ್ಯಾಶ್ ಅಂತ ಅಡಾಪ್ಟರ್ ಬರುತ್ತದೆ, ಹಾರ್ಡ್‌ಡಿಸ್ಕ್ ತೆಗೆದ ಜಾಗದಲ್ಲಿ ಕೂರುತ್ತದೆ. ತೂಕ ಇಳಿಯುತ್ತದೆ, ಕಿರ್ರ್ ಸದ್ದು ಇಲ್ಲ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. 2007ರ 80 ಜಿಬಿ ಕ್ಲಾಸಿಕ್‌ನವರು ನೆನಪಿಡಿ, ಆಪಲ್ ಫರ್ಮ್‌ವೇರ್ ಅದರಲ್ಲಿ 128 ಜಿಬಿಗಿಂತ ಮೇಲೆ ನೋಡೋಲ್ಲ. ನಿಮ್ಮ 2009ರದ್ದಕ್ಕೆ ಆ ಮಿತಿ ಇಲ್ಲ. ಆದರೆ ಹಾಡುಗಳ ಪಟ್ಟಿ ಪೂರ್ತಿ ರ‍್ಯಾಮ್‌ಗೆ ಹೋಗುತ್ತದೆ, ರ‍್ಯಾಮ್ ಇರೋದು 64 ಎಂಬಿ. 50 ಸಾವಿರದ ಹತ್ತಿರ ಹಾಡು ತುಂಬಿದರೆ ತಾನೇ ರೀಸ್ಟಾರ್ಟ್ ಆಗೋಕೆ ಶುರು ಮಾಡುತ್ತದೆ. ಜಾಗ ಇದೆ ಅಂತ ತುಂಬುತ್ತಾ ಹೋಗುವ ಹಾಗಿಲ್ಲ.

ಕಾರ್ಡ್ ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯುನಲ್ಲಿ ಪೂರ್ತಿ ಬರೆದು ಓದಿಸಿ ನೋಡಿ, ಲಿನಕ್ಸ್ ಆದರೆ ಎಫ್3. ಸಂತೆ ಬೆಲೆಗೆ ಸಿಗುವ 512 ಜಿಬಿ ಕಾರ್ಡುಗಳಲ್ಲಿ ಒಳಗೆ 32 ಜಿಬಿ ಮಾತ್ರ ಇರುವ ನಕಲಿಗಳು ಇವೆ. ಆನ್‌ಲೈನ್‌ನಲ್ಲಿ ನನಗೇ ಒಂದು ಬಂದಿತ್ತು, ವಾಪಸ್ ಕಳಿಸಿದೆ.

ಕ್ಲಾಸಿಕ್ ಬಿಚ್ಚುವುದು ಮಾತ್ರ ಕಷ್ಟದ ಕೆಲಸ. ಮುಂದೆ ಹಿಂದೆ ಎರಡೂ ಲೋಹ, ಸುತ್ತಲೂ ಕ್ಲಿಪ್. ತೆರೆದ ಕೂಡಲೇ ಪುಸ್ತಕದ ಥರ ಎರಡೂ ಕಡೆ ಅಗಲಿಸಬೇಡಿ. ಬ್ಯಾಟರಿಯ ಪಟ್ಟಿ ತುಂಬಾ ಗಿಡ್ಡ, ಮೊದಲು ಅದರ ಕೊಕ್ಕೆ ಎತ್ತಿ ಬಿಡಿಸಬೇಕು. ಪಟ್ಟಿ ಹರಿದರೆ ಮುಗಿಯಿತು. ಕೈ ನಡುಗುವವರು ರಿಪೇರಿಯವರ ಹತ್ತಿರ ಕೊಡಿ.

ಸುಮ್ನಿರಪ್ಪ

ಇಷ್ಟು ಓದುವ ಹೊತ್ತಿಗೆ ನಾನು ಐಟ್ಯೂನ್ಸ್‌ನಲ್ಲಿ ಎರಡು ಐಪಾಡ್ ತುಂಬಿಸಿ ಕೇಳಿಯೂ ಆಯಿತು. ವುಲ್ಫ್‌ಸನ್ ಕಂಪನಿಯ ಧ್ವನಿ ಚಿಪ್ ಇರುವ ಹಳೇ ಐಪಾಡ್ ವಿಡಿಯೊ ಎದುರು ಈ ಕ್ಲಾಸಿಕ್ ಸದ್ದು ಸಪ್ಪೆ ಅಂತ ಇನ್ನೂ ಯಾರೂ ಶುರು ಮಾಡಲಿಲ್ಲವಲ್ಲ?

ತಂತಿಪೆಟ್ಟಿಗೆ

ಶುರು ಮಾಡಬೇಡಿ. ದಯವಿಟ್ಟು.

ಹಳೆಸಾಮಾನು

ಇನ್ನೊಂದೇ ಪ್ರಶ್ನೆ. ಕೆಲವು ಆಲ್ಬಮ್‌ಗಳ ಕವರ್ ಚಿತ್ರ ಬರುತ್ತಿಲ್ಲ. ಫೋಲ್ಡರ್‌ನಲ್ಲಿ ಚಿತ್ರ ಇದೆ.

ಕಡಲೆಪುರಿ

ಫೂ_ಡಾಪ್ ಸೆಟ್ಟಿಂಗ್ಸ್‌ನಲ್ಲಿ ಆರ್ಟ್‌ವರ್ಕ್ ಆಯ್ಕೆ ನೋಡಿ, ಇಲ್ಲವೇ ಚಿತ್ರವನ್ನು ಎಂಪಿ3ಟ್ಯಾಗ್‌ನಲ್ಲಿ ಹಾಡಿನೊಳಗೇ ಸೇರಿಸಿ ಮತ್ತೆ ಕಳಿಸಿ. ಐಪಾಡ್ ಫೋಲ್ಡರ್‌ನಲ್ಲಿರುವ ಚಿತ್ರ ನೋಡೋಲ್ಲ, ಅದಕ್ಕೆ ಬೇಕಾದ ಅಳತೆಗೆ ಮಾಡಿ ಬೇರೆ ಕಡೆ ಇಡಬೇಕು, ಆ ಕೆಲಸ ತಂತ್ರಾಂಶದ್ದು.

ಮಲ್ನಾಡ್‌ಮಳೆ

ಮುಂದೆ ಎಂದಾದರೂ ರಾಕ್‌ಬಾಕ್ಸ್‌ಗೆ ಬಂದರೆ (ಬರ್ತೀರಿ!) ಚಿತ್ರ ಮಾಮೂಲಿ ಜೆಪೆಗ್ ಆಗಿರಲಿ. ಪ್ರೊಗ್ರೆಸಿವ್ ಜೆಪೆಗ್ ಅದು ತೋರಿಸೋಲ್ಲ.

ರಾಗಮಾಲಿಕೆ

ಇಲ್ಲೇ ಕೇಳಿಬಿಡ್ತೀನಿ. ಅಪ್ಪನ ಹತ್ತಿರ ಪರದೆ ಇಲ್ಲದ ಚಿಕ್ಕ ಶಫಲ್ ಇದೆ, ನಾಲ್ಕನೇ ತಲೆಮಾರಿನದು. ವಾಕಿಂಗ್‌ಗೆ ಅದೇ ಬೇಕಂತೆ. ಅದಕ್ಕೂ ಫೂಬಾರ್ ಆಗುತ್ತಾ?

ಪೆಂಗ್ವಿನ್‌ಪ್ರಿಯ

ಶಫಲ್ ನೋಡೋದು ಐಟ್ಯೂನ್ಸ್‌ಎಸ್‌ಡಿ ಅನ್ನುವ ಬೇರೆ ಫೈಲನ್ನು, ತುಂಬಾ ಸರಳವಾದದ್ದು. ಅದಕ್ಕಂತಲೇ ‘ಐಪಾಡ್-ಶಫಲ್-4ಜಿ’ ಹೆಸರಿನ ಪೈಥಾನ್ ಸ್ಕ್ರಿಪ್ಟ್ ಗಿಟ್‌ಹಬ್‌ನಲ್ಲಿದೆ. ಹಾಡುಗಳನ್ನು ಫೋಲ್ಡರ್ ಮಾಡಿ ಶಫಲ್‌ಗೆ ಎಳೆದು ಹಾಕಿ, ಸ್ಕ್ರಿಪ್ಟ್ ಓಡಿಸಿ, ಇಜೆಕ್ಟ್ ಮಾಡಿ. ಹಾಡು ಸೇರಿಸಿದಾಗ, ತೆಗೆದಾಗ ಪ್ರತಿ ಸಲವೂ ಓಡಿಸಬೇಕು. ಲಿನಕ್ಸ್ ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿಯೂ ಮಾಡಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪರದೆಯಲ್ಲಿ ಬಂದ ಎರರ್ ಇಲ್ಲಿ ಹಾಕಿ ಮೇಡಂ, ಭಾನುವಾರ ನೋಡೋಣ.